ತಾಯಿ ನಿರಪರಾಧಿ ಎನ್ನಲು ಪುರಾವೆ ಬೇಕೆ?

ಮೂರು ವರ್ಷ ತುಂಬಿದರೂ ಮಗು ಮಾತಾಡದಿದ್ದರೆ, ಕರೆದರೂ ತಿರುಗಿ ನೋಡದಿದ್ದರೆ, ನಮ್ಮ ಮನೆಗಳಲ್ಲಿ ಮೊದಲು ವಿಚಾರಣೆಗೆ ಗುರಿಯಾಗುವವಳು ತಾಯಿ. ಬಸುರಿಯಾಗಿದ್ದಾಗ ಗ್ರಹಣದ ಹೊತ್ತು ಹೊರಗೆ ಬಂದಳು, ಯಾರದೋ ನಜರು ತಾಗಿತು, ಮಗುವನ್ನು ಎತ್ತಿ ಆಡಿಸಲಿಲ್ಲ ಎಂದು ಆರೋಪಗಳ ಪಟ್ಟಿ ಬೆಳೆಯುತ್ತದೆ. ಇದು ಓದುಬರಹವಿಲ್ಲದವರ ಮೌಢ್ಯವೆಂದು ನಾವು ಭಾವಿಸಬೇಕಿಲ್ಲ. ಷಿಕಾಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬ್ರೂನೋ ಬೆಟಲ್‌ಹೈಮ್ 1967ರ ತಮ್ಮ ಗ್ರಂಥದಲ್ಲಿ ಆಟಿಸಂಗೆ ಹೆತ್ತವರ, ಅದರಲ್ಲೂ ತಾಯಿಯ, ತಿರಸ್ಕಾರವೇ ಕಾರಣವೆಂಬಂತೆ ವಾದಿಸಿದರು. ಅಂಥ ತಾಯಂದಿರಿಗೆ 'ರೆಫ್ರಿಜರೇಟರ್ ತಾಯಿ' ಎಂಬ ಹೆಸರೂ ಬಿದ್ದಿತ್ತು. ಅಜ್ಜಿಯ ಗ್ರಹಣಕ್ಕೂ ಪ್ರಾಧ್ಯಾಪಕರ ಸಿದ್ಧಾಂತಕ್ಕೂ ಇದ್ದದ್ದು ಭಾಷೆಯ ವ್ಯತ್ಯಾಸ ಮಾತ್ರ.

ಈ ಆರೋಪವನ್ನು ಮುಂದೆ ವಿಜ್ಞಾನವೇ ಅಲುಗಾಡಿಸಿತು. 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟರ್ ಅವಳಿ ಮಕ್ಕಳನ್ನು ಅಭ್ಯಸಿಸಿ ಆಟಿಸಂನಲ್ಲಿ ಆನುವಂಶಿಕತೆಯ ಪಾತ್ರವಿರುವುದನ್ನು ತೋರಿಸಿದರು. ಇಂದು ನಮಗೆ ಕೆಲವು ಜೀನ್‌ಗಳ ಹೆಸರೇ ಗೊತ್ತು. ಅವುಗಳಲ್ಲೊಂದು 22ನೇ ವರ್ಣತಂತುವಿನ ತುದಿಯ ಬಳಿ ಇರುವ 'ಶ್ಯಾಂಕ್-3'. ಮಿದುಳಿನ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಸಂದಿಯನ್ನು ಸಿನ್ಯಾಪ್ಸ್ ಎನ್ನುತ್ತಾರೆ. ಸುದ್ದಿ ಪಡೆಯುವ ಬದಿಯಲ್ಲಿ, ಕಟ್ಟಡಕ್ಕೆ ಕಟ್ಟುವ ಸಾರವೆಯಂತೆ ನಿಂತು, ಉಳಿದ ಪ್ರೋಟೀನುಗಳನ್ನು ತಂತಮ್ಮ ಜಾಗದಲ್ಲಿ ಹಿಡಿದಿಡುವುದು ಈ ಜೀನ್ ತಯಾರಿಸುವ ಪ್ರೋಟೀನಿನ ಕೆಲಸ. ಅದು ತಾನೇ ಸುದ್ದಿ ಒಯ್ಯುವುದಿಲ್ಲ. ಆದರೆ ಅದು ಕಡಿಮೆಯಾದರೆ ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ. ಈ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಮಾತು, ಕಲಿಕೆ, ಒಡನಾಟಗಳಿಗೆ ತೊಡಕಾಗಬಹುದು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಥಾಮಸ್ ಬೂರ್ಜೆರೋನ್ ಮತ್ತು ಸಂಗಡಿಗರು 2007ರಲ್ಲಿ ಈ ಜೀನಿನ ದೋಷಕ್ಕೂ ಆಟಿಸಂಗೂ ಇರುವ ನಂಟನ್ನು ತೋರಿಸಿದರು. ಹೆಚ್ಚಿನ ಸಂದರ್ಭಗಳಲ್ಲಿ ಈ ದೋಷ ತಾಯಿಯಲ್ಲೂ ಇರುವುದಿಲ್ಲ, ತಂದೆಯಲ್ಲೂ ಇರುವುದಿಲ್ಲ; ಮಗುವಿನಲ್ಲೇ ಹೊಸದಾಗಿ ಕಾಣಿಸಿಕೊಂಡಿರುತ್ತದೆ. ಪುಸ್ತಕದ ಪ್ರತಿ ಮಾಡುವಾಗ ಅಕ್ಷರವೊಂದು ತಪ್ಪಿದಂತೆ, ಕೆಲವೊಮ್ಮೆ ಪುಟವೇ ಬಿಟ್ಟುಹೋದಂತೆ.

ಹಾಗಾದರೆ ತಾಯಿ ಖುಲಾಸೆಯಾದಳೆಂದು ನಾವು ಸಮಾಧಾನಪಡಬಹುದು. ಆದರೆ ಪ್ರಶ್ನಿಸಬೇಕಾದುದು ಈ ಸಮಾಧಾನವನ್ನೇ. ಆಟಿಸಂ ಇರುವ ನೂರು ಮಕ್ಕಳಲ್ಲಿ ಶ್ಯಾಂಕ್-3ರ ದೋಷ ಸಿಗುವುದು ಹೆಚ್ಚುಕಡಿಮೆ ಒಬ್ಬರಲ್ಲಿ. ಬಹುಪಾಲು ಮಕ್ಕಳಲ್ಲಿ ಬೆರಳಿಟ್ಟು ತೋರಿಸಬಹುದಾದ ಒಂದು ಜೀನ್ ಸಿಗುವುದೇ ಇಲ್ಲ. ಪ್ರಯೋಗಾಲಯದ ವರದಿ ಬಂದ ಮೇಲಷ್ಟೇ ತಾಯಿ ನಿರಪರಾಧಿ ಎನ್ನುವುದಾದರೆ, ವರದಿಯಲ್ಲಿ ಏನೂ ಸಿಗದ ತಾಯಂದಿರು ಜೀವನವಿಡೀ ಕಟಕಟೆಯಲ್ಲೇ ನಿಲ್ಲಬೇಕೆ? ದೋಷ ತಾಯಿಯಿಂದಲೇ ಬಂದಿದೆಯೆಂದು ಗೊತ್ತಾದರೆ? ಗ್ರಹಣದ ಜಾಗದಲ್ಲಿ ಜೀನ್ ಕೂತೀತು. ಅವಳನ್ನು ತವರಿಗೆ ಅಟ್ಟಲು ಹೊಸದೊಂದು ನೆಪ ಸಿಕ್ಕೀತು. ಕಾರಣ ಬೇರೆ, ಅಪರಾಧ ಬೇರೆ. ತಾನು ಬಯಸದ, ತನಗೆ ತಿಳಿಯದ, ತನ್ನ ಕೈಯಲ್ಲಿಲ್ಲದ ಸಂಗತಿಗಾಗಿ ಯಾರನ್ನಾದರೂ ತಪ್ಪಿತಸ್ಥರೆನ್ನುವುದು ಅನ್ಯಾಯ. ಇದನ್ನು ತಿಳಿಯಲು ಸೂಕ್ಷ್ಮದರ್ಶಕ ಬೇಕಾಗಿರಲಿಲ್ಲ.

ವಿಜ್ಞಾನ ತನ್ನ ದಾರಿಯಲ್ಲಿ ಸಾಗುತ್ತಿದೆ. ಅಮೆರಿಕದ ಎಂಐಟಿಯಲ್ಲಿ ಗುವೋಪಿಂಗ್ ಫೆಂಗ್ ತಂಡ 2016ರಲ್ಲಿ ಬೆಳೆದ ಇಲಿಗಳಲ್ಲಿ ಈ ಜೀನನ್ನು ಮತ್ತೆ ಚಾಲೂ ಮಾಡಿದಾಗ ಅವುಗಳ ಒಡನಾಟ ಸುಧಾರಿಸಿತು. ಅಂಜಿಕೆ ಮತ್ತು ಚಲನೆಯ ತೊಡಕು ಮಾತ್ರ ಉಳಿದವು. ಇಲಿಗೆ ಆದದ್ದು ಮಗುವಿಗೂ ಆಗುತ್ತದೆಂದು ಭರವಸೆ ಮಾರುವವರ ಬಗ್ಗೆ ಹೆತ್ತವರು ಎಚ್ಚರವಾಗಿರಬೇಕು.

ಔಷಧ ಬರುವಾಗ ಬರಲಿ. ಆ ಮಗುವನ್ನು ಮದುವೆಮನೆಗೆ ಕರೆತರಬೇಡಿ ಎನ್ನದಿರಲು, ತಾಯಿ ಒಂದು ಗಂಟೆ ಕಣ್ಣುಮುಚ್ಚಲೆಂದು ಮಗುವಿನ ಬಳಿ ನಾವು ಕೂರಲು ಯಾವ ಸಂಶೋಧನೆಗೂ ಕಾಯಬೇಕಿಲ್ಲ.