ಬೆನ್ನು ತಿರುಗಿಸಿ ನಿಂತವನು

ಅಣ್ಣನ ಮಗಳಿಗೆ ಐದು ವರ್ಷ. ಮೊನ್ನೆ ಅಂಗಳದ ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಸುತ್ತಿದಳು, ಕೆಳಗೊಂದು ಗೆರೆ ಎಳೆದಳು, ಕೈಕಾಲು ಅಂಟಿಸಿದಳು. ಕಣ್ಣು, ಮೂಗು, ಬಾಯಿ ಏನೂ ಇಲ್ಲ. ‘ಮುಖ ಎಲ್ಲೇ ಪುಟ್ಟಿ?’ ಎಂದೆ. ‘ಅವನು ಆ ಕಡೆ ತಿರುಗಿದಾನೆ ಅತ್ತೆ, ಅಂಗಡಿಗೆ ಹೋಗ್ತಿದಾನೆ’ ಎಂದಳು. ಅವಳು ಹಾಗೆಂದದ್ದೇ ತಡ, ನನಗೂ ಅವನ ಬೆನ್ನು ಕಾಣಿಸಿಬಿಟ್ಟಿತು.

ಅಂದಿನಿಂದ ನ್ಯೂಯಾರ್ಕಿನ ರೈಲುಗಳು ನನ್ನ ತಲೆಯಲ್ಲಿ ಓಡುತ್ತಿವೆ. 1970ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿನ ಸಬ್‌ವೇ ಬೋಗಿಗಳ ಮೇಲೆ ‘ಸ್ಟೇ ಹೈ 149’ ಎಂದು ಬರೆದುಕೊಂಡು ಹೋಗುತ್ತಿದ್ದವನೊಬ್ಬನಿದ್ದ. ಹೆಸರಿನ ಜೊತೆಗೆ ಒಬ್ಬ ಕಡ್ಡಿಮನುಷ್ಯ, ತಲೆಯ ಮೇಲೊಂದು ಪ್ರಭಾವಳಿ. ‘ದಿ ಸೇಂಟ್’ ಎಂಬ ಟಿ.ವಿ. ಧಾರಾವಾಹಿಯ ಗುರುತಾಗಿದ್ದವನನ್ನು ಎತ್ತಿಕೊಂಡು, ಸೇದಲು ಒಂದು ಸುರುಳಿ ಕೊಟ್ಟು, ತನ್ನವನನ್ನಾಗಿ ಮಾಡಿಕೊಂಡಿದ್ದ. ಆ ಕಡ್ಡಿಮನುಷ್ಯನಿಗೂ ಮುಖವಿಲ್ಲ.

ಹೀಗೆ ರೈಲು, ಗೋಡೆಗಳ ಮೇಲೆ ಬರೆಯುವ ಗ್ರಾಫಿಟಿಯವರು ತಮ್ಮನ್ನು ‘ರೈಟರ್’ ಎಂದೇ ಕರೆದುಕೊಳ್ಳುತ್ತಾರೆ. ಅವರಿಗೆ ಅಕ್ಷರವೇ ಮುಖ್ಯ. ಆದರೆ ಆ ಅಕ್ಷರಗಳು ಒಂದರೊಳಗೊಂದು ಹೆಣೆದುಕೊಂಡು, ಬಾಣವಾಗಿ ಚಿಮ್ಮಿ, ಕೊನೆಕೊನೆಗೆ ಜೊತೆಯ ರೈಟರುಗಳಿಗೆ ಮಾತ್ರ ಓದಲು ಬರುವಂತಾದವು. ಪಕ್ಕದಲ್ಲಿ ನಿಂತ ‘ಕ್ಯಾರೆಕ್ಟರ್’, ಅಂದರೆ ಅಕ್ಷರದ ಜೊತೆಗೆ ಬರೆಯುವ ಆಕೃತಿ, ಹಾಗಲ್ಲ. ಪ್ಲಾಟ್‌ಫಾರ್ಮಿನಲ್ಲಿ ಅಮ್ಮನ ಕೈ ಹಿಡಿದು ನಿಂತ ಮಗುವಿಗೂ ಅದು ಒಡನೆ ಸಿಗುತ್ತದೆ.

ಹೀಗೆ ರೈಟರುಗಳು ಮತ್ತೆಮತ್ತೆ ಕರೆತಂದವನು ವಾನ್ ಬೋಡೆ ಎಂಬ ಕಾಮಿಕ್ಸ್ ಕಲಾವಿದನ ಚೀಚ್ ವಿಝರ್ಡ್. ನಕ್ಷತ್ರಗಳಿರುವ ದೊಡ್ಡ ಹಳದಿ ಟೋಪಿ, ಅದರ ಕೆಳಗೆ ಎರಡು ಕೆಂಪು ಕಾಲು. ಅಷ್ಟೇ ಆಸಾಮಿ! ಟೋಪಿಯೊಳಗೆ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ. ಆದರೂ ಆ ಕಾಲುಗಳು ಊರಿರುವ ರೀತಿಯಲ್ಲೇ ಅವನ ಸೊಕ್ಕು, ಸೋಮಾರಿತನ ಎಲ್ಲ ತಿಳಿದುಹೋಗುತ್ತದೆ. ಚಿತ್ರಕ್ಕೆ ಜೀವ ಬರುವುದು ಕಣ್ಣಿನಿಂದ ಎಂದೇ ನಾನು ನಂಬಿದ್ದೆ. ಹಾಗಾದರೆ ಈ ಟೋಪಿಯೊಳಗಿಂದ ನನ್ನನ್ನು ನೋಡುತ್ತಿರುವುದು ಏನು?

ಬೋಡೆ 1975ರಲ್ಲಿ, 33ನೇ ವಯಸ್ಸಿಗೇ ತೀರಿಕೊಂಡ. ಐದು ವರ್ಷದ ಮೇಲೆ, 1980ರಲ್ಲಿ, ಡೋಂಡಿ ವೈಟ್ ಎಂಬ ಹುಡುಗ ಬ್ರೂಕ್ಲಿನ್‌ನ ರೈಲ್ವೆ ಯಾರ್ಡಿಗೆ ರಾತ್ರಿ ನುಗ್ಗಿ ಬೋಗಿಯ ಮೇಲೆ ‘ಚಿಲ್ಡ್ರನ್ ಆಫ್ ದ ಗ್ರೇವ್’ ಎಂದು ಬರೆದ. ಜೊತೆಗಿದ್ದ ಛಾಯಾಗ್ರಾಹಕಿ ಮಾರ್ಥಾ ಕೂಪರ್ ತೆಗೆದ ಫೋಟೋ ನೋಡಿ: ಅಕ್ಕಪಕ್ಕ ನಿಂತ ಎರಡು ರೈಲುಗಳಿಗೆ ಒಂದೊಂದು ಕಾಲು ಆನಿಸಿ, ನಡುವಿನ ಕತ್ತಲಲ್ಲಿ ಜೋತುಬಿದ್ದಂತೆ ನಿಂತು ಸ್ಪ್ರೇ ಹೊಡೆಯುತ್ತಿದ್ದಾನೆ. ಕಾಗದದ ಮೇಲೆ ಬೆರಳುದ್ದವಿದ್ದ ಬೋಡೆಯ ಪಾತ್ರ ಆ ರಾತ್ರಿ ಆಳೆತ್ತರವಾಯಿತು. ಬರೆದವನು ಮಣ್ಣಾಗಿದ್ದ, ಬರೆಸಿಕೊಂಡವನು ಊರು ಸುತ್ತಲು ಹೊರಟ.

ಕಿಟಕಿಗಳ ಮೇಲೂ ಬಣ್ಣ ಬಳಿಯುತ್ತಿದ್ದುದರಿಂದ ಒಳಗೆ ಕುಳಿತವರಿಗೆ ಹೊರಗಿನ ನಿಲ್ದಾಣ ಕಾಣುತ್ತಿರಲಿಲ್ಲ. ದಿನದ ದುಡಿತಕ್ಕೆ ಹೊರಟವರಿಗೆ ಅದು ಕಿರುಕುಳವೇ. ಅದನ್ನು ಮರೆತು ಈ ಚಿತ್ರಗಳನ್ನು ಕೊಂಡಾಡಲು ನನಗೆ ಮನಸ್ಸಿಲ್ಲ. ಕೊನೆಯ ಗ್ರಾಫಿಟಿ ಬೋಗಿಯನ್ನು 1989ರ ಮೇ ತಿಂಗಳಲ್ಲಿ ಓಡಾಟದಿಂದ ತೆಗೆದರು. ಆದರೂ ಒಂದು ದೃಶ್ಯ ನನ್ನನ್ನು ಬಿಡುವುದಿಲ್ಲ. ರೈಲು ನಿಲ್ಲುತ್ತದೆ, ಚಿತ್ರದ ಹೊಟ್ಟೆಯ ನಡುವೆ ಬಾಗಿಲು ಸರಿಯುತ್ತದೆ, ಜನ ಅದರೊಳಗೆ ಹೊಕ್ಕು ಸೀಟು ಹಿಡಿಯುತ್ತಾರೆ. ಬಾಗಿಲು ಮುಚ್ಚುತ್ತದೆ, ಅವನು ಮತ್ತೆ ಇಡಿಯಾಗಿ ಹೊರಡುತ್ತಾನೆ.

ಅದೇ ನೆಲದಡಿಯ ನಿಲ್ದಾಣಗಳಲ್ಲಿ, 1980ರಿಂದಾಚೆಗೆ, ಜಾಹೀರಾತು ಖಾಲಿಯಾದಾಗ ಅಂಟಿಸಿರುತ್ತಿದ್ದ ಕಪ್ಪು ಕಾಗದದ ಮೇಲೆ ಕೀತ್ ಹೇರಿಂಗ್ ಎಂಬ ಕಲಾವಿದ ಬಿಳಿ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಅಂಬೆಗಾಲಿಡುವ ಮಗು, ಅದರ ಸುತ್ತ ಬೆಳಕಿನ ಗೆರೆಗಳು. ಆ ಮಗುವಿಗೂ ಕಣ್ಣು ಬಾಯಿ ಇಲ್ಲ. ಹೇರಿಂಗ್‌ಗೆ ಚಿಕ್ಕಂದಿನಲ್ಲಿ ಕಾರ್ಟೂನ್ ಬರೆಯಲು ಕಲಿಸಿದ್ದು ಅವನಪ್ಪ.

ಮೊನ್ನೆ ಸಂಜೆ ದೀಪ ಹಚ್ಚಿ ಹೊರಗೆ ಬಂದರೆ ಪುಟ್ಟಿ ಅಂಗಳದಲ್ಲೇ ಇದ್ದಳು. ಕಡ್ಡಿಮನುಷ್ಯನ ಕೈಗೆ ಒಂದು ಚೀಲ ಬಂದಿತ್ತು. ಬೇರೇನನ್ನೂ ಅವಳು ಮುಟ್ಟಿರಲಿಲ್ಲ. ‘ಈಗ?’ ಎಂದೆ. ‘ಸಾಮಾನು ತಗೊಂಡು ಬರ್ತಿದಾನೆ.’ ನಿಂತು ನೋಡಿದೆ. ಅದೇ ಸೊನ್ನೆ, ಅದೇ ಗೆರೆ. ಅವನು ನಮ್ಮ ಕಡೆಗೇ ನಡೆದು ಬರುತ್ತಿದ್ದ.