ಸಹಾಯ ಕೋರುವ ಕಥೆಗಳು

ನಮ್ಮ ಮಾಸಿಕದಲ್ಲಿ ವರ್ಷಕ್ಕೆ ಎರಡು ಮೂರು ಬಾರಿಯಾದರೂ 'ಸಹೃದಯರಲ್ಲಿ ಮನವಿ' ಎಂಬ ಚೌಕಟ್ಟೊಂದು ಅಚ್ಚಾಗುವುದನ್ನು ವಾಚಕರು ಗಮನಿಸಿರಬಹುದು. ಅವುಗಳಲ್ಲಿ ಕೆಲವನ್ನು ಬರೆದುಕೊಟ್ಟವರು ನಾವೇ. ಕೇಂದ್ರ ಸರಕಾರದ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಾಗದ ಬರೆದ ಗುಮಾಸ್ತನಿಗೆ ಮನವಿ ಬರೆಯುವುದು ಕಷ್ಟವಲ್ಲವೆಂದು ಸಮಿತಿಯವರ ನಂಬಿಕೆ.

ಕೆಲವು ವರ್ಷಗಳ ಹಿಂದೆ, ಹೋಟೆಲ್ ಕೆಲಸದಲ್ಲಿದ್ದ ನಮ್ಮ ಊರ ಕಡೆಯವರೊಬ್ಬರು ಮೂತ್ರಪಿಂಡದ ಕಾಯಿಲೆಯಿಂದ ಹಾಸಿಗೆ ಹಿಡಿದರು. ವಿಚಾರಿಸಿಕೊಂಡು ಬರಲು ಅವರ ಖೋಲಿಗೆ ಹೋದೆವು. ಮನೆಯಾಕೆ ಬೇಡವೆಂದರೂ ಕೇಳದೆ ಕಾಫಿ ಮಾಡಿ ತಂದರು. ಲೋಟಗಳು ಥಳಥಳ ಹೊಳೆಯುತ್ತಿದ್ದವು. ಗೋಡೆಯ ಮೇಲೆ ಮಗನ ಶಾಲೆಯ ಪ್ರಶಸ್ತಿಪತ್ರ, ಮೂಲೆಯಲ್ಲಿ ಹೊಲಿಗೆಯ ಯಂತ್ರ. ಕಷ್ಟವಿತ್ತು, ಸಾಲವಿತ್ತು; ಆದರೆ ಮನೆ ಮನೆಯಾಗಿಯೇ ಇತ್ತು.

ರಾತ್ರಿ ಕುಳಿತು ಇದ್ದದ್ದನ್ನು ಇದ್ದಂತೆ ಬರೆದೆವು. ಓದಿ ನೋಡಿದರೆ ಕಚೇರಿಯ ಟಿಪ್ಪಣಿಯಂತೆ ಒಣಕಲಾಗಿತ್ತು. ಯಾರು ಹಣ ಕಳಿಸಿಯಾರು? 'ಮೂರು ದಿನಗಳಿಂದ ಒಲೆ ಉರಿಯದ ಆ ಮನೆಯಲ್ಲಿ' ಎಂದು ಒಂದು ಸಾಲು ಸೇರಿಸಿದೆವು. ಸಾಲು ಚೆನ್ನಾಗಿಯೇ ಬಂತು. ಹಣವೂ ನಿರೀಕ್ಷೆಗಿಂತ ಹೆಚ್ಚು ಬಂತು. ಚೆಕ್ ಕೊಡಲು ಹೋದಾಗ ಒಂಬತ್ತನೆಯ ತರಗತಿಯ ಆ ಹುಡುಗ ಸಂಚಿಕೆಯನ್ನು ಕೈಯಲ್ಲಿ ಹಿಡಿದೇ ಕೇಳಿದ: "ಮಾಮ, ನೀವು ಬಂದ ದಿನ ಅಮ್ಮ ಕಾಫಿ ಕೊಟ್ಟಿದ್ದರಲ್ಲ?" ತಾಯಿ ಅವನನ್ನು ಗದರಿಸಿ ಒಳಗೆ ಕಳಿಸಿದರು. ಚೆಕ್ ತೆಗೆದುಕೊಂಡು ಕೈ ಮುಗಿದರು. ಆ ದಿನ ಕಾಫಿ ಬರಲಿಲ್ಲ.

ನಾವು ಮಾಡಿದ್ದು ತಪ್ಪೆ? ಮಿತ್ರರನ್ನು ಕೇಳಿದೆವು. ಹಣ ಬಂತಲ್ಲ, ಯಾರಿಗೆ ಏನು ನಷ್ಟವಾಯಿತು ಎಂದರು ಹಲವರು. ಸುಲಭವಾಗಿ ತಳ್ಳಿಹಾಕುವ ಮಾತಲ್ಲ ಅದು. ಜನರ ಮನಸ್ಸು ಅಂಕಿಸಂಖ್ಯೆಗೆ ಕರಗುವುದಿಲ್ಲ, ಒಂದು ಮುಖಕ್ಕೆ, ಒಂದು ಕಥೆಗೆ ಕರಗುತ್ತದೆ. ಇದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಸಾಕ್ಷಿಯಿದೆ.

1943ರಲ್ಲಿ ಬಂಗಾಳದಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ಸರಕಾರ ಅದನ್ನು ಕ್ಷಾಮವೆಂದು ಘೋಷಿಸಲೇ ಇಲ್ಲ. ಯುದ್ಧಕಾಲದ ಕಟ್ಟುಪಾಡುಗಳಿಂದ ಪತ್ರಿಕೆಗಳ ಬಾಯಿಯೂ ಕಟ್ಟಿತ್ತು. ಆಗ ಕಲಕತ್ತೆಯ 'ಸ್ಟೇಟ್ಸ್‌ಮನ್' ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಆಗಸ್ಟ್ 22ರ ಸಂಚಿಕೆಯಲ್ಲಿ ಬೀದಿಯಲ್ಲಿ ಬಿದ್ದಿದ್ದವರ ಭಾವಚಿತ್ರಗಳನ್ನು ಅಚ್ಚು ಹಾಕಿದರು. ಪತ್ರಿಕೆ ಇಂಗ್ಲಿಷರ ಒಡೆತನದ್ದು, ಸಂಪಾದಕನೂ ಇಂಗ್ಲಿಷನೇ. ಆದ್ದರಿಂದ ಸುಳ್ಳೆನ್ನುವುದು ಕಷ್ಟವಾಯಿತು. ದಿಲ್ಲಿಗೂ ಲಂಡನ್ನಿಗೂ ಸುದ್ದಿ ಮುಟ್ಟಿತು. ಅಕ್ಟೋಬರಿನಲ್ಲಿ ಹೊಸ ವೈಸರಾಯ್ ವೇವೆಲ್ ಕಲಕತ್ತೆಗೆ ಬಂದು ನೋಡಿ, ಪರಿಹಾರದ ಕೆಲಸಕ್ಕೆ ಸೈನ್ಯವನ್ನು ಇಳಿಸಿದರು. ಅಷ್ಟರಲ್ಲಿ ಬಹಳ ತಡವಾಗಿತ್ತು. ಸತ್ತವರು 15 ಲಕ್ಷವೆಂದು 1945ರ ವಿಚಾರಣಾ ಆಯೋಗ ಹೇಳಿತು. 30 ಲಕ್ಷದಷ್ಟೆಂದು ಅನಂತರದ ವಿದ್ವಾಂಸರ ಅಂದಾಜು. ಆ ಚಿತ್ರಗಳು ಬಾರದಿದ್ದರೆ ಇನ್ನೆಷ್ಟಾಗುತ್ತಿತ್ತೋ!

ಚಿತ್ರದಲ್ಲಿದ್ದ ಆ ಹೆಂಗಸರನ್ನು, ಮಕ್ಕಳನ್ನು ಯಾರು ಒಪ್ಪಿಗೆ ಕೇಳಿದರು? ಕೇಳುವ ಹೊತ್ತು ಅದಾಗಿರಲಿಲ್ಲ ಎಂದೇ ನಮಗೂ ಅನ್ನಿಸುತ್ತದೆ. ಹಸಿವಿಲ್ಲವೆನ್ನುತ್ತಿದ್ದವರ ಎದುರು ಹಸಿವನ್ನು ಇದ್ದಂತೆ ಇಟ್ಟರು, ಅದಕ್ಕೆ ಬಣ್ಣ ಹಚ್ಚಲಿಲ್ಲ.

ಅದೇ ವರ್ಷ ಚಿತ್ತಪ್ರಸಾದರೆಂಬ ಕಲಾವಿದರು ಮಿಡ್ನಾಪುರ ಜಿಲ್ಲೆಯಲ್ಲಿ ತಿರುಗಿ ಕ್ಷಾಮದ ಜನರನ್ನು ಶಾಯಿಯಲ್ಲಿ ಬರೆದರು. ಮುಂದೆ ಬಹುಕಾಲ ನಮ್ಮ ಮುಂಬಯಿಯ ಅಂಧೇರಿಯಲ್ಲಿದ್ದವರು ಅವರು. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 'ಹಂಗ್ರಿ ಬೆಂಗಾಲ್' ಎಂಬ ಅವರ ಪುಸ್ತಕದ ಐದು ಸಾವಿರ ಪ್ರತಿಗಳನ್ನು, ಕೈತಪ್ಪಿ ಉಳಿದದ್ದನ್ನು ಬಿಟ್ಟು, ಸರಕಾರ ಸುಟ್ಟುಹಾಕಿತು. ಅವರ ಒಂದು ಅಭ್ಯಾಸ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಹಲವು ಚಿತ್ರಗಳ ಜೊತೆ ಆ ವ್ಯಕ್ತಿಯ ಹೆಸರನ್ನೂ ವಿವರವನ್ನೂ ಅವರು ಬರೆದಿಡುತ್ತಿದ್ದರು. ಅವರ ಕಣ್ಣಿಗೆ ಹಸಿದವನು ಬರೀ ಹಸಿವಾಗಿರಲಿಲ್ಲ.

ನಾವು ಬಿ.ಎಸ್ಸಿ. ಓದುವಾಗ ಪ್ರಯೋಗಶಾಲೆಯಲ್ಲಿ ಒಂದು ವಿದ್ಯೆ ಎಲ್ಲರಿಗೂ ಬರುತ್ತಿತ್ತು. ಉತ್ತರ ಇಷ್ಟೇ ಬರಬೇಕೆಂದು ಪುಸ್ತಕದಲ್ಲಿದ್ದರೆ, ರೀಡಿಂಗುಗಳನ್ನು ಹಿಂದಿನಿಂದ ಲೆಕ್ಕ ಹಾಕಿ ಬರೆದುಬಿಡುವುದು. ಮನವಿಯಲ್ಲಿ ನಾವು ಮಾಡಿದ್ದೂ ಅದೇ. ಬೇಕಾದ ಮೊತ್ತ ಗೊತ್ತಿತ್ತು, ಅದಕ್ಕೆ ತಕ್ಕಷ್ಟು ಹಸಿವನ್ನು ಬರೆದೆವು. ಈಗ ದಿನವೂ ಮೊಬೈಲಿಗೆ ಬರುವ ಮನವಿಗಳಲ್ಲಿ ಮೂಗಿಗೆ ನಳಿಗೆ ಹಾಕಿದ ಮಗು, ಹಿಂದೆ ಪಿಟೀಲು. ನೋಡಿ ನೋಡಿ ನಮ್ಮ ಹೆಬ್ಬೆರಳು ತಾನಾಗಿ ಮುಂದಕ್ಕೆ ಜಾರುತ್ತದೆ. ಒಲೆ ಉರಿಯದ ಮನೆಗೇ ಹಣವೆಂದು ಓದುಗರಿಗೆ ಕಲಿಸಿದವರು ನಮ್ಮಂಥವರೇ. ಒಲೆ ಉರಿಯುವ ಮನೆಯವನು ನಾಳೆ ಬಂದು ನಿಂತರೆ ಅವನಿಗೆ ಯಾರು ಕೊಡುತ್ತಾರೆ?

ಹಾಗೆಯೇ ಆಯಿತು. ಕಳೆದ ವರ್ಷ ಇನ್ನೊಂದು ಮನವಿ ಬರೆಯಬೇಕಾಗಿ ಬಂತು. ಬರೆದದ್ದನ್ನು ಮೊದಲು ಆ ಮನೆಯವರಿಗೇ ಓದಿ ಹೇಳಿದೆವು. 'ದಿಕ್ಕಿಲ್ಲದ' ಎಂಬ ಮಾತನ್ನು ಆಕೆ ತೆಗೆಸಿದರು. ಟಿಫಿನ್ ಡಬ್ಬಿ ಕೊಟ್ಟು ಸಂಪಾದಿಸುತ್ತೇನೆಂದು ಬರೆಯಿರಿ ಎಂದರು. ಬರೆದೆವು. ಬಂದ ಹಣ ಹಿಂದಿನದರ ಅರ್ಧವೂ ಆಗಲಿಲ್ಲ. ಆಸ್ಪತ್ರೆಯ ಬಿಲ್ಲು ಮಾತ್ರ ಕಾಯುವುದಿಲ್ಲವಷ್ಟೆ. ಉಳಿದದ್ದಕ್ಕೆ ಸಮಿತಿಯ ನಾಲ್ವರು ರಸೀದಿ ಪುಸ್ತಕ ಹಿಡಿದು ಭಾನುವಾರಗಳಂದು ಮನೆಮನೆ ತಿರುಗಿದೆವು. ಮುಲುಂಡಿನ ಹಿರಿಯರೊಬ್ಬರು ಕನ್ನಡಕ ಸರಿಪಡಿಸಿಕೊಂಡು ಕೇಳಿದರು: "ಅವರ ಮನೆಯಲ್ಲಿ ಟಿ.ವಿ. ಇದೆಯಂತಲ್ಲ?"

"ಇದೆ ಸ್ವಾಮಿ" ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪೆನ್ನು ತರಲು ಒಳಗೆ ಹೋದರು.