ಅಲಿ ಗೆದ್ದ ಕೊನೆಯ ಏಳು ಪಂದ್ಯಗಳು

ಮುಹಮ್ಮದ್ ಅಲಿಯವರು ವೃತ್ತಿಪರ ಬಾಕ್ಸಿಂಗ್‌ನಲ್ಲಿ 61 ಪಂದ್ಯಗಳನ್ನಾಡಿ 56ರಲ್ಲಿ ಗೆದ್ದರು. ಈ ಲೆಕ್ಕವನ್ನು ಬಾಯಿಪಾಠ ಒಪ್ಪಿಸುವವರು ನಮ್ಮ ಪಂಚನಹಳ್ಳಿಯಂಥ ಊರಿನಲ್ಲೂ ಸಿಗುತ್ತಾರೆ. ಕಡೂರು ತಾಲ್ಲೂಕಿನ ಈ ಬಯಲಿನಲ್ಲಿ ಬಾಕ್ಸಿಂಗ್ ರಿಂಗನ್ನು ಕಣ್ಣಾರೆ ಕಂಡವರು ಅಪರೂಪ. ಆದರೂ ಅಲಿ ನಮ್ಮವರು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೈನ್ಯ ಸೇರಲು ಒಪ್ಪದೆ 1967ರಲ್ಲಿ ಪಟ್ಟ ಕಳೆದುಕೊಂಡು, ಮೂರೂವರೆ ವರ್ಷ ರಿಂಗಿನಿಂದ ಹೊರಗಿದ್ದು, ಮತ್ತೆ ಬಂದು ಗೆದ್ದವರು. ಈ ಪ್ರೀತಿಗೆ ಕಾರಣಗಳಿವೆ. ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ಪ್ರಶ್ನೆ ಬೇರೆ. ಒಬ್ಬ ದೊಡ್ಡ ಮಲ್ಲ ತನ್ನ ಇಳಿಗಾಲದಲ್ಲಿ ಗೆದ್ದ ಗೆಲುವುಗಳನ್ನು ಹೇಗೆ ತೂಗಬೇಕು? ಅವನು ನಮ್ಮವನಾಗಿದ್ದಾಗ ಹೇಗೆ ತೂಗಬೇಕು?

1975ರ ಅಕ್ಟೋಬರ್ 1ರಂದು ಮನಿಲಾದ ಬಳಿ ಜೋ ಫ್ರೇಜಿಯರ್ ಅವರನ್ನು ಹದಿನಾಲ್ಕು ಸುತ್ತುಗಳಲ್ಲಿ ಮಣಿಸಿದ್ದು ಅಲಿಯವರ ಕೊನೆಯ ಮಹಾಗೆಲುವು ಎಂಬುದರಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಆನಂತರ ಅವರು ಇನ್ನೂ ಏಳು ಪಂದ್ಯ ಗೆದ್ದರು, ಮೂರು ಸೋತರು. ಈ ಏಳರಲ್ಲಿ ಎದುರಾಳಿಯನ್ನು ಹೊಡೆದು ನಿಲ್ಲಿಸಿದ್ದು ಎರಡರಲ್ಲಿ ಮಾತ್ರ: ಬೆಲ್ಜಿಯಂನ ಕೂಪ್‌ಮನ್ ಮತ್ತು ಬ್ರಿಟನ್ನಿನ ರಿಚರ್ಡ್ ಡನ್, ಎರಡೂ 1976ರಲ್ಲಿ. ಉಳಿದ ಐದನ್ನೂ ತೀರ್ಪುಗಾರರ ಕಾಗದ ನಿರ್ಧರಿಸಿತು.

ನಮ್ಮ ಗರಡಿಯ ಕುಸ್ತಿಯಲ್ಲಿ ಈ ತೊಂದರೆ ಕಡಿಮೆ. ಎದುರಾಳಿಯ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಅದನ್ನು ಅಖಾಡದ ಸುತ್ತ ಕೂತ ಅಷ್ಟೂ ಕಣ್ಣುಗಳು ನೋಡಿರುತ್ತವೆ. ಅಲ್ಲಿ ವಿವೇಚನೆ ಬೇಕಾಗುವುದು ಮೊದಲೇ, ಜೋಡಿ ಕಟ್ಟುವಾಗ. ಮೈಸೂರು ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ಕಾರ್ಯವೇ ಒಂದು ದೊಡ್ಡ ಕಲಾಪ. ಜೋಡಿ ಸರಿಯಿಲ್ಲದ ಗೆಲುವಿಗೆ ಬೆಲೆಯಿಲ್ಲ ಎಂಬುದನ್ನು ಪೈಲ್ವಾನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1928ರಲ್ಲಿ ಪಟಿಯಾಲಾದಲ್ಲಿ ಗಾಮಾ ಪೈಲ್ವಾನರು ಪೋಲೆಂಡಿನ ಜಿಬಿಸ್ಕೋ ಅವರನ್ನು ಒಂದು ನಿಮಿಷದೊಳಗೆ ಚಿತ್ ಮಾಡಿದಾಗ ಇಬ್ಬರೂ ಐವತ್ತರ ಆಸುಪಾಸಿನಲ್ಲಿದ್ದರು. ಮುದುಕನನ್ನು ಕೆಡವಿದರು ಎಂದು ಗಾಮಾರನ್ನು ಹಳಿಯುವಂತಿಲ್ಲ, ಕೆಡವಿದವರೂ ಅದೇ ವಯಸ್ಸಿನವರು.

ಈ ಅಳತೆ ಹಿಡಿದರೆ ಕೂಪ್‌ಮನ್, ಡನ್, 1977ರಲ್ಲಿ ಸ್ಪೇನಿನ ಇವಾಂಜೆಲಿಸ್ಟಾ, ಈ ಮೂರು ಗೆಲುವುಗಳು ಹಗುರ. ಹೆಚ್ಚು ಹೇಳಬೇಕಾಗಿಲ್ಲ. 1978ರ ಸ್ಪಿಂಕ್ಸ್ ಗೆಲುವಿಗೆ 'ಮೂರನೇ ಬಾರಿ ವಿಶ್ವ ಚಾಂಪಿಯನ್' ಎಂಬ ಹೊಳಪಿದೆ. ಆದರೆ ಲಿಯಾನ್ ಸ್ಪಿಂಕ್ಸ್ ಒಲಿಂಪಿಕ್ ಚಿನ್ನ ಗೆದ್ದವರಾದರೂ ಆ ಫೆಬ್ರವರಿಯಲ್ಲಿ ಅಲಿಯವರನ್ನು ಸೋಲಿಸುವ ಮೊದಲು ವೃತ್ತಿಪರವಾಗಿ ಆಡಿದ್ದು ಏಳೇ ಪಂದ್ಯ. ಸೆಪ್ಟೆಂಬರಿನ ಮರುಪಂದ್ಯಕ್ಕೆ ಬಂದಾಗ ಅವರ ತಯಾರಿಯೂ ಅಷ್ಟಕ್ಕಷ್ಟೆ. ಮೂವತ್ತಾರರ ಅಲಿ ತಮ್ಮ ಜಾಣತನದಿಂದ ಗೆದ್ದರು. ಅರ್ಧ ತೂಕ ಕೊಡೋಣ.

ಪೂರ್ತಿ ತೂಕದ ಗೆಲುವು ಒಂದಿದೆ. 1977ರ ಸೆಪ್ಟೆಂಬರ್ 29, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಎದುರಿಗಿದ್ದವರು ಅರ್ನಿ ಶೇವರ್ಸ್. ಅಲ್ಲಿಯವರೆಗೆ ಗೆದ್ದವುಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ನಾಕೌಟಿನಲ್ಲೇ ಮುಗಿಸಿದ್ದವರು. ಆ ಹೊಡೆತಗಳನ್ನು ತಿಂದು, ತೂರಾಡಿ, ಹದಿನೈದನೇ ಸುತ್ತಿನಲ್ಲಿ ಅಲಿಯವರೇ ಮೇಲುಗೈ ಪಡೆದು ನಿಂತರು. ಎದುರಾಳಿ ಗಟ್ಟಿ, ತೀರ್ಪು ಸ್ಪಷ್ಟ. ಆದರೆ ಆ ಪಂದ್ಯದ ನಂತರ ಅವರ ವೈದ್ಯ ಫರ್ಡಿ ಪಾಚೆಕೊ ಮೂತ್ರಪಿಂಡದ ಪರೀಕ್ಷಾ ವರದಿಯನ್ನು ಅಲಿಯವರಿಗೂ ಅವರ ಆಪ್ತರಿಗೂ ಕಳಿಸಿದರು. ಉತ್ತರ ಬರಲಿಲ್ಲ. ಪಾಚೆಕೊ ತಂಡ ಬಿಟ್ಟು ಹೋದರು. ಮುಖಕ್ಕೆ ಹೊಡೆಯಬಾರದೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನೂ, ದೇಹವು ಅಮಾನತ್ ಎಂಬುದನ್ನೂ ಓದುಗರಿಗೆ ನೆನಪಿಸಬೇಕಿಲ್ಲ. ಮಕ್ಕಾದ ಫಿಕ್ಹ್ ಮಂಡಳಿ 1987ರಲ್ಲಿ ಬಾಕ್ಸಿಂಗ್ ನಿಷಿದ್ಧವೆಂದು ತೀರ್ಮಾನಿಸಿತು. ಅದಕ್ಕೂ ಮೂರು ವರ್ಷ ಮುಂಚೆ, 1984ರಲ್ಲಿ, ಅಲಿಯವರಿಗೆ ಪಾರ್ಕಿನ್ಸನ್ ಲಕ್ಷಣಗಳಿರುವುದು ಗೊತ್ತಾಗಿತ್ತು. ಅವರ ಇಳಿಗಾಲದ ಅತ್ಯುತ್ತಮ ಗೆಲುವೇ ಅವರಿಂದ ಹೆಚ್ಚು ವಸೂಲಿ ಮಾಡಿತೇನೋ. ಸೋತಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದರೋ ಏನೋ.

ಇನ್ನುಳಿದವು ಎರಡು, ಜಿಮ್ಮಿ ಯಂಗ್ ಮತ್ತು ಕೆನ್ ನಾರ್ಟನ್. ನಮ್ಮ ಇನ್ಸಾಫಿಗೆ ಪರೀಕ್ಷೆ ಇರುವುದು ಇಲ್ಲೇ.

1976ರ ಏಪ್ರಿಲ್ 30ರಂದು ಅಲಿ 230 ಪೌಂಡ್ ತೂಕದಲ್ಲಿ ರಿಂಗಿಗೆ ಬಂದರು. ಅಲ್ಲಿಯವರೆಗೆ ಅವರು ಎಂದೂ ಅಷ್ಟು ಭಾರವಿರಲಿಲ್ಲ. ಯಂಗ್ ಹೊಡೆತ ತಪ್ಪಿಸಿಕೊಳ್ಳುತ್ತ, ಮರುಹೊಡೆತ ಕೊಡುತ್ತ ಹದಿನೈದು ಸುತ್ತು ಆಡಿದರು. ಇಕ್ಕಟ್ಟಾದಾಗ ಹಗ್ಗದಾಚೆ ತಲೆ ಹಾಕಿ ಆಟ ನಿಲ್ಲಿಸುತ್ತಿದ್ದರು. ಅದು ಅವರಿಗೆ ಶೋಭೆ ತರಲಿಲ್ಲ, ನಿಜ. ತೀರ್ಪುಗಾರರು ಮೂವರೂ ಅಲಿ ಎಂದರು. ಕೂತು ನೋಡಿದ ಅನೇಕರಿಗೆ ಹಾಗೆ ಕಾಣಲಿಲ್ಲ. ಯಂಗ್ ಸಾಮಾನ್ಯ ಆಟಗಾರ, ಅಲಿಯ ಮೈ ಸರಿಯಿರಲಿಲ್ಲ ಅಷ್ಟೇ ಎಂದು ಅಭಿಮಾನಿಗಳು ಸಮಾಧಾನ ಹೇಳಿಕೊಂಡರು. ಆದರೆ ಹನ್ನೊಂದೇ ತಿಂಗಳಲ್ಲಿ, 1977ರ ಮಾರ್ಚಿನಲ್ಲಿ, ಅದೇ ಯಂಗ್ ಜಾರ್ಜ್ ಫೋರ್‌ಮನ್‌ರನ್ನು ಸೋಲಿಸಿದರು. ಫೋರ್‌ಮನ್ ಕೈಗವಸು ಬಿಚ್ಚಿಟ್ಟು ಧರ್ಮಬೋಧಕರಾದರು. ಈಗ ಯಂಗ್ ಸಾಮಾನ್ಯರಲ್ಲ ಎಂದು ಒಪ್ಪಲೇಬೇಕು. ಆದರೆ ಹಾಗೆ ಒಪ್ಪಿದಷ್ಟೂ ಅಲಿಯವರ ಗೆಲುವು ಸಂಶಯಕ್ಕೆ ಬೀಳುತ್ತದೆ. ಎದುರಾಳಿ ದೊಡ್ಡವನಾದರೆ ಗೆಲುವೂ ದೊಡ್ಡದಾಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇದನ್ನು ನಮ್ಮವರ ಮುಂದೆ ಎತ್ತಿದರೆ, ತೀರ್ಪುಗಾರರು ಕೊಟ್ಟಾಯಿತಲ್ಲ, ಇನ್ನೇನು, ಎನ್ನುತ್ತಾರೆ. ಸರಿ, ಇನ್ನೊಂದು ಪಂದ್ಯ ತೆಗೆದುಕೊಳ್ಳೋಣ. ಅದೇ ಫೋರ್‌ಮನ್ ಹತ್ತು ವರ್ಷ ಬಿಟ್ಟು ಮರಳಿ ಬಂದು, 1994ರಲ್ಲಿ, 45ನೇ ವಯಸ್ಸಿನಲ್ಲಿ, ಅಲ್ಲಿಯವರೆಗೆ ಸೋಲೇ ಕಾಣದಿದ್ದ ಮೈಕಲ್ ಮೂರರ್ ಅವರನ್ನು ಹತ್ತನೇ ಸುತ್ತಿನಲ್ಲಿ ಕೆಡವಿದರು. ಅದು ಚಿತ್, ಅದರಲ್ಲಿ ಮಾತಿಲ್ಲ. ಮರುವರ್ಷ ಜರ್ಮನಿಯ ಆಕ್ಸೆಲ್ ಶುಲ್ಜ್ ವಿರುದ್ಧ ಅಂಕಗಳ ಮೇಲೆ ಗೆದ್ದಾಗ ಮಾತ್ರ ಗಲಾಟೆಯೆದ್ದಿತು. ಸಂಸ್ಥೆ ಮರುಪಂದ್ಯಕ್ಕೆ ಆದೇಶಿಸಿತು, ಫೋರ್‌ಮನ್ ಒಪ್ಪದೆ ಆ ಪಟ್ಟ ಬಿಟ್ಟರು. ಶುಲ್ಜ್‌ಗೆ ಅನ್ಯಾಯವಾಯಿತು ಎನ್ನಲು ನಮಗೆ ಒಂದು ಕ್ಷಣವೂ ಬೇಕಾಗುವುದಿಲ್ಲ. ಯಂಗ್‌ಗೆ ಎನ್ನಲು ನಾಲಿಗೆ ತಡವರಿಸುತ್ತದೆ.

ತೆಂಗಿನ ಸೀಮೆಯವರಿಗೆ ಈ ವ್ಯವಹಾರ ಅಪರಿಚಿತವಲ್ಲ. ಕೊಬ್ಬರಿ ಕೊಳ್ಳುವಾಗ ಒಂದು ಬೊಟ್ಟು, ಮಾರುವಾಗ ಇನ್ನೊಂದು ಬೊಟ್ಟು ಇಟ್ಟು ತೂಗುವ ವ್ಯಾಪಾರಿಯ ಕಥೆ ತಿಪಟೂರು, ಅರಸೀಕೆರೆಯ ದಾರಿಯುದ್ದಕ್ಕೂ ಕೇಳಸಿಗುತ್ತದೆ. ಅಂಥವರ ಹೆಸರಿನಲ್ಲೇ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ, ಅಲ್ ಮುತಫ್ಫಿಫೀನ್. ಆ ಅಧ್ಯಾಯವನ್ನು ನಾವು ಅಂಗಡಿಗೆ ಮಾತ್ರ ಅನ್ವಯಿಸಿ ಸುಮ್ಮನಾಗುತ್ತೇವೆ. ಹೊಗಳುವಾಗ, ತೆಗಳುವಾಗ ಕೈಯಲ್ಲಿರುವುದೂ ತಕ್ಕಡಿಯೇ. ನಮ್ಮ ಮಾತನ್ನೇ ಗಮನಿಸಿ: ಅಲಿ 'ಅವರು', ಯಂಗ್ 'ಅವನು'. ಪಂದ್ಯ ಶುರುವಾಗುವ ಮುಂಚೆಯೇ ವ್ಯಾಕರಣ ತೀರ್ಪು ಕೊಟ್ಟುಬಿಟ್ಟಿರುತ್ತದೆ.

ತೀರ್ಪುಗಾರರ ಮಾತಿಗೆ ಬರೋಣ. ತಾನೂ ಮನುಷ್ಯ, ವಾದಚಾತುರ್ಯ ಉಳ್ಳವನ ಕಡೆಗೆ ತನ್ನ ತೀರ್ಪು ವಾಲಬಹುದು, ಹಾಗೆ ಸಿಕ್ಕಿದ ಇನ್ನೊಬ್ಬನ ಪಾಲು ಪಡೆದವನಿಗೆ ಬೆಂಕಿಯೇ ಹೊರತು ಲಾಭವಲ್ಲ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದು ಹದೀಸ್ ಗ್ರಂಥಗಳಲ್ಲಿದೆ. ತೀರ್ಪು ವ್ಯಾಜ್ಯ ಮುಗಿಸುತ್ತದೆ, ನಿಜವನ್ನು ಬದಲಿಸುವುದಿಲ್ಲ. ಅಲಿ ಇಲ್ಲಿ ಅಪರಾಧಿಯಲ್ಲ; ಅವರು ಆಡಿದರು, ಬೇರೆಯವರು ಅಂಕ ಕೊಟ್ಟರು. ಕಾಗದ ನೋಡಿ ಎಣಿಸುವವರು ನಾವು. ಉರ್ದುವಿನ 'ಹಕ್' ಕನ್ನಡಕ್ಕೆ ಬಂದು 'ಹಕ್ಕು' ಆದಾಗ ಅರ್ಧ ಅರ್ಥವನ್ನು ಅಲ್ಲೇ ಬಿಟ್ಟು ಬಂತು. ಮೂಲದಲ್ಲಿ ಅದಕ್ಕೆ ಸತ್ಯ ಎಂಬ ಅರ್ಥವೂ ಇದೆ. ಸೋತವನಿಗೆ ಪಟ್ಟ ಕೊಡಿಸಲು ನಮ್ಮಿಂದಾಗದು. ಸತ್ಯ ಹೇಳಿದರೆ ಅವನ ಪಾಲಿನ ಹಕ್ ಸಂದಂತಾಗುತ್ತದೆ. ನಾನಂತೂ ಯಂಗ್ ವಿರುದ್ಧದ ಗೆಲುವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲಿಯವರ ಹಿರಿಮೆ ಅದರಿಂದ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ.

ನಾರ್ಟನ್ ವಿಷಯ ಇನ್ನೂ ಕಷ್ಟದ್ದು. 1973ರಲ್ಲಿ ಅಲಿಯವರ ದವಡೆ ಮುರಿದು ಗೆದ್ದವರು, ಅದೇ ವರ್ಷದ ಮರುಪಂದ್ಯದಲ್ಲಿ ಕೂದಲೆಳೆಯಲ್ಲಿ ಸೋತವರು. ಮೂರನೆಯದು 1976ರ ಸೆಪ್ಟೆಂಬರ್ 28ರಂದು ಯಾಂಕಿ ಕ್ರೀಡಾಂಗಣದಲ್ಲಿ. ಇಬ್ಬರು ತೀರ್ಪುಗಾರರ ಕಾಗದದಲ್ಲಿ ಅಲಿಗೆ ಎಂಟು ಸುತ್ತು, ನಾರ್ಟನ್‌ಗೆ ಏಳು. ಒಂದೇ ಒಂದು ಸುತ್ತು ಆಚೆ ಬಿದ್ದಿದ್ದರೆ ಪಟ್ಟವೇ ಆಚೆ ಹೋಗುತ್ತಿತ್ತು. ಗೆದ್ದೇಬಿಟ್ಟೆವು ಎಂದು ನಂಬಿದ್ದ ನಾರ್ಟನ್ ಕಡೆಯವರು ಕೊನೆಯ ಸುತ್ತಿನಲ್ಲಿ ಹುಷಾರಾಗಿರು ಎಂದು ಹೇಳಿ ಕಳಿಸಿದ್ದರು. ಆ ಸುತ್ತನ್ನು ಅಲಿ ಬಿಡಲಿಲ್ಲ. ನನ್ನ ಮನಸ್ಸು ನಾರ್ಟನ್ ಕಡೆ ವಾಲುತ್ತದೆ, ಆದರೆ ಇಲ್ಲಿ ಅನ್ಯಾಯ ಎಂಬ ಪದ ಬಳಸಲು ಧೈರ್ಯ ಸಾಲದು.

ತೀರ್ಪು ಕೇಳಿ ನಾರ್ಟನ್ ಅಳುತ್ತಲೇ ರಿಂಗಿನಿಂದ ಇಳಿದರು. ಅವರಿಗೆ 1978ರಲ್ಲಿ ಒಂದು ಸಂಸ್ಥೆ ಪಟ್ಟ ಕೊಟ್ಟಿತು, ಅದೂ ಕಾಗದದ ಮೇಲೆ. ಮೂರೇ ತಿಂಗಳಲ್ಲಿ ಲ್ಯಾರಿ ಹೋಮ್ಸ್ ಅವರೆದುರು ಅದು ಹೋಯಿತು. ರಿಂಗಿನಲ್ಲಿ ಹೋರಾಡಿ ಒಂದು ವಿಶ್ವ ಪಟ್ಟವನ್ನೂ ಗೆಲ್ಲದೆ ಅವರು 2013ರಲ್ಲಿ ತೀರಿಕೊಂಡರು. ಅಲಿಯವರ ಎದುರು ಮೂರು ಪಂದ್ಯಗಳಲ್ಲಿ ನಿಂತದ್ದು ಒಟ್ಟು 39 ಸುತ್ತು.